ಕಾಗದದ ಮೂಲೆಗೆ ಕುಂಕುಮ

ಬಸವಕಲ್ಯಾಣ
11-11-2024, ಸೋಮವಾರ

ಪೂನಂ,

ಆಶೀರ್ವಾದ ಆಮೇಲೆ. ನನ್ನ ಕೈಗೆ ಪೆನ್ನು ಹಿಡಿಸುವ ಬುದ್ಧಿ ನಿನಗೆ ಯಾರು ಕೊಟ್ಟರು, ಮೊದಲು ಅದನ್ನು ಹೇಳು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಈ ಕೈಗೆ ಹಿಟ್ಟು ನಾದುವುದು ಗೊತ್ತು, ರೊಟ್ಟಿ ಬಡಿಯುವುದು ಗೊತ್ತು, ಒಬ್ಬಿಬ್ಬರ ಕಪಾಳಕ್ಕೆ ಬಡಿದದ್ದೂ ಉಂಟು. ಪತ್ರ ಬರೆದು ಗೊತ್ತಿಲ್ಲ. ಹುಮನಾಬಾದ್ ಏನು ಕಾಶಿಯೇ? ಬಸ್ಸಿನಲ್ಲಿ ಕೂತು ಒಂದು ಜೋಂಪು ಹತ್ತುವುದರೊಳಗೆ ಬಂದುಬಿಡುತ್ತದೆ. ನಿಮ್ಮ ಕೋಚಿಂಗಿನವರು ಮೊಬೈಲ್ ಕಸಿದು ಬೀಗ ಹಾಕಿದ್ದಾರಂತೆ, ಸರಿ. ಭಾನುವಾರ ನಾನೇ ಬರುತ್ತೇನೆ ಅಂದರೆ ‘ಭಾನುವಾರ ಟೆಸ್ಟ್ ಇರುತ್ತದೆ, ಬರಬೇಡಿ, ಡಬ್ಬಿಯಲ್ಲಿ ಚೀಟಿ ಇಡಿ’ ಅಂತ ಹೇಳಿ ಕಳಿಸುತ್ತೀ. ರೊಟ್ಟಿ ಅರಿವೆಯಲ್ಲಿ ಸುತ್ತಿ ಇಟ್ಟ ಚೀಟಿ ಇದು. ಎಣ್ಣೆ ಹತ್ತಿದ್ದರೂ ಓದಿಕೋ.

ಮುಂಜಾನೆ ಬಸ್ಸಿನ ಕಂಡಕ್ಟರ್ ಬಂಡೆಪ್ಪ ಡಬ್ಬಿ ಒಯ್ಯುತ್ತಾನೆ, ಸಂಜೆ ಬಸ್ಸಿಗೆ ಖಾಲಿ ಡಬ್ಬಿ ತರುತ್ತಾನೆ. ಖಾಲಿ ಅಂದೆನಲ್ಲ, ಎಲ್ಲಿಯ ಖಾಲಿ? ನಿನ್ನೆ ಆರು ರೊಟ್ಟಿ ಕಳಿಸಿದ್ದೆ, ನಾಲ್ಕು ಮರಳಿ ಬಂದವು. ಪುಂಡಿಪಲ್ಯೆಗೆ ಬೆರಳೂ ಹತ್ತಿಸಿಲ್ಲ. ಈ ಊರಿನ ಲಗ್ನದವರು ಸೂಗಮ್ಮನ ರೊಟ್ಟಿಯೇ ಬೇಕು ಅಂತ ಎಂಟು ದಿನ ಮೊದಲು ಬಂದು ಹೇಳಿ ಹೋಗುತ್ತಾರೆ. ನಿನಗೆ ಬೇಡವಾಯಿತೇ?

ಹೋದ ಸಲ ಏನಾಯಿತು ಅಂತ ನನಗಿನ್ನೂ ಬರಾಬರ್ ತಿಳಿದಿಲ್ಲ. ಕೌನ್ಸೆಲಿಂಗ್ ಅಂತ ಮೂರು ಸುತ್ತು ಕಂಪ್ಯೂಟರ್ ಮುಂದೆ ಕೂತೆ. ಮೂರೂ ಸಲ ಎದ್ದು ಬಂದು ‘ಸೀಟ್ ಇಲ್ಲ ಅತ್ತಿ, ರ‍್ಯಾಂಕ್ ಸಾಲಲಿಲ್ಲ’ ಅಂದೆ. ಓಣಿಗೆಲ್ಲ ನಾನು ಮೊದಲೇ ಡಂಗುರ ಹೊಡೆದು ಕೂತಿದ್ದೆ, ನಮ್ಮ ಹುಡುಗಿ ಹಲ್ಲಿನ ಡಾಕ್ಟರ್ ಆಗುತ್ತಾಳೆ ಅಂತ. ಈಗ ಯಶೋದಾಬಾಯಿ ಹಾಲು ತರಲು ಹೋದಲ್ಲೆಲ್ಲ ಬಾಯಿ ತೆರೆದು ತೋರಿಸುತ್ತಾಳೆ: ‘ಸೂಗಮ್ಮ, ನಿಮ್ಮ ಡಾಕ್ಟರ ಯಾವಾಗ ಬರತಾಳ? ನನ್ನ ದವಡಿ ಹಾದಿ ಕಾಯಾಕತ್ತದ.’ ನಾನೇನು ಸುಮ್ಮನಿರುತ್ತೇನೆಯೇ? ‘ಆಕಿ ಬರೂತನಕ ನಿನ್ನ ಬಾಯಾಗ ಹಲ್ಲ ಉಳೀತಾವೇನ, ಅದನ್ನ ನೋಡಕೋ ಮೊದಲ’ ಅಂದೆ.

ನಿನ್ನಪ್ಪ ವೀರಭದ್ರ ನನ್ನ ತಮ್ಮನೇ, ಆದರೆ ಅವನಿಗೆ ಮೋರಖಂಡಿಯ ತೊಗರಿ ಹೊಲ ಬಿಟ್ಟರೆ ಬೇರೆ ಲೋಕವಿಲ್ಲ. ಐದನೇ ಇಯತ್ತೆಯಿಂದ ನಿನ್ನನ್ನು ಇಟ್ಟುಕೊಂಡು ಓದಿಸಿದವಳು ನಾನು. ರ‍್ಯಾಂಕ್ ಸಾಲದಿದ್ದರೆ ಕೂತು ಓದು. ಓದಲು ಹೊಟ್ಟೆ ತುಂಬಿರಬೇಕು. ತಿನ್ನು.

ಸೂಗಮ್ಮ

*

ಹುಮನಾಬಾದ್
13-11-2024

ಅತ್ತಿಯವರಿಗೆ ಶರಣು.

ಪತ್ರ ಸಿಕ್ಕಿತು. ಮೂರು ಸಲ ಓದಿದೆ. ರೊಟ್ಟಿ ಬೇಡವಾಗಿಲ್ಲ, ಊಟಕ್ಕೆ ಕೂರಲು ಸಮಯ ಸಿಗುತ್ತಿಲ್ಲ. ಮೊದಲ ಟೆಸ್ಟಿನಲ್ಲಿ ಜೀವಶಾಸ್ತ್ರ ಚೆನ್ನಾಗಿ ಆಯಿತು. ಭೌತಶಾಸ್ತ್ರದಲ್ಲಿ ಹೋದ ವರ್ಷದ ತಪ್ಪುಗಳನ್ನೇ ಮಾಡುತ್ತಿದ್ದೇನೆ, ಬರೆದು ಬರೆದು ತಿದ್ದಿಕೊಳ್ಳುತ್ತಿದ್ದೇನೆ. ಈ ಸಲ ಅರ್ಜಿಯನ್ನೂ ಗಟ್ಟಿ ಮಾಡಬೇಕು. ಹೋದ ಸಲ ಐದೇ ಕಾಲೇಜಿನ ಹೆಸರು ತುಂಬಿದ್ದೆ, ಈ ಸಲ ಸರಕಾರಿ ಸೀಟು ಇರುವ ಎಲ್ಲವನ್ನೂ ತುಂಬುತ್ತೇನೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಪ್ರಮಾಣಪತ್ರವನ್ನು ಹೋದ ಸಲ ಹಚ್ಚಿರಲೇ ಇಲ್ಲ. ಅದನ್ನು ಸಾಲೆಯಿಂದ ತರಿಸಬೇಕು.

ಇನ್ನೊಂದು ಮಾತು. ನಮ್ಮ ಭಾಗದವರ ಸೀಟಿಗೆ ಕೊಡುವ ಮುನ್ನೂರ ಎಪ್ಪತ್ತೊಂದು ಜೆ ಸರ್ಟಿಫಿಕೇಟ್ ಹೊಸದಾಗಿ ಬೇಕು. ಹೋದ ವರ್ಷದ ಪ್ರತಿ ನಡೆಯುವುದಿಲ್ಲ. ಅದಕ್ಕೆ ಅಪ್ಪನನ್ನು ಕಳಿಸಿ. ನೀವು ಎ.ಸಿ. ಆಫೀಸಿಗೆ ಅಲೆಯುವುದು ಬೇಡ. ಅಪ್ಪ ತಂದು ನೇರವಾಗಿ ನನಗೇ ಕೊಡಲಿ.

ಪೂನಂ

*

ಬಸವಕಲ್ಯಾಣ
20-11-2024

ಪೂನಂ,

ಅಪ್ಪನನ್ನು ಕಳಿಸಬೇಕೇ? ನಿನ್ನಪ್ಪನಿಗೆ ಎ.ಸಿ. ಆಫೀಸಿಗೂ ಅಂಚೆ ಆಫೀಸಿಗೂ ಫರಕು ಗೊತ್ತಿಲ್ಲ. ಹೋದ ಸಲ ಅದೇ ಕಾಗದಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿದವಳು ಯಾರು? ಈಗ ನಾನು ಬೇಡವಾದೆ. ನನ್ನ ಸೀರೆಗೆ ಹಿಟ್ಟು ಹತ್ತಿರುತ್ತದೆ ಅಂತ ನಾಚಿಕೆಯೇ? ನಾಚಿಕೆಯಾದರೆ ಆಗಲಿ, ನಾನೇ ಹೋದೆ.

ಅದೂ ಅಲ್ಲದೆ ಹೋದ ವರ್ಷದ್ದು ಯಾಕೆ ನಡೆಯುವುದಿಲ್ಲ? ನಾವೇನು ವರ್ಷಕ್ಕೊಮ್ಮೆ ಈ ಸೀಮೆ ಬಿಟ್ಟು ಹೋಗಿ ಮತ್ತೆ ಬಂದು ನೆಲೆಸುತ್ತೇವೆಯೇ? ಇದನ್ನೇ ಅಲ್ಲಿ ಕೇಳಿದೆ. ಗುಮಾಸ್ತ ಒಳ್ಳೆಯವ, ನಕ್ಕ. ‘ಕಾಗದ ಕೆಟ್ಟಿದ್ರ ಹೊಸಾದ ಕೊಡತೀವಿ ಆಯಿ, ಇಲ್ಲಂದ್ರ ಹಳೇದೇ ನಡೀತದ’ ಅಂದ. ಕೆಟ್ಟಿದೆಯೋ ಇಲ್ಲವೋ ನನಗೇನು ಗೊತ್ತು? ಹುಡುಗಿ ಕೇಳ್ಯಾಳ, ಕೊಡ್ರಿ ಅಂದೆ.

ಸರ್ಟಿಫಿಕೇಟಿಗೆ ಅರ್ಜಿ ಹಾಕಲು ಅಬ್ದುಲ್ ರಜಾಕನ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ, ಹೋದ ಸಲ ನಿನ್ನ ಫಾರ್ಮ್ ತುಂಬಿದವನು. ಕೆಲಸ ಮುಗಿದ ಮೇಲೆ ಮೆಲ್ಲಗೆ ಅಂದ: ‘ಅಕ್ಕಾ, ಈ ಸಲ ಕಾಗದಕ್ಕ ನೀರ ಮುಟ್ಟಸಬ್ಯಾಡ್ರಿ. ಹೋದ ಸಲ ನಂಬರೇ ಹರಡಿತ್ತು.’

‘ಯಾರ ಮುಟ್ಟಿಸಿದ್ರು?’ ಅಂದೆ.

ಅವನು ಕಂಪ್ಯೂಟರ್ ಕಡೆ ಮುಖ ತಿರುಗಿಸಿದ. ‘ನಂಗೇನ್ ಗೊತ್ತರಿ ಅಕ್ಕಾ. ಚಾ ಕುಡೀತೀರೇನು?’

ಆಗ ನನಗೆ ಎಲ್ಲ ತಿಳಿಯಿತು. ನೀನು ಹೋದಲ್ಲೆಲ್ಲ ಚೀಲದಲ್ಲಿ ನೀರಿನ ಬಾಟಲಿ ಕಾಗದದ ಪಕ್ಕ ತುರುಕುತ್ತೀ. ಎಷ್ಟು ಸಲ ಬೈದಿಲ್ಲ ನಾನು? ಹಡೆದವರು ಹೊಲದಲ್ಲಿ ಬೆವರು ಸುರಿಸಲಿ, ಅತ್ತಿ ರೊಟ್ಟಿ ಹಂಚಿನ ಮುಂದೆ ಸುಟ್ಟುಕೊಳ್ಳಲಿ, ನೀನು ಸರಕಾರದ ಕಾಗದಕ್ಕೆ ನೀರು ಕುಡಿಸು. ನಾಳೆ ಒಬ್ಬರ ಹಲ್ಲು ಕೀಳುವಾಗ ಪಕ್ಕದ ಒಳ್ಳೆಯ ಹಲ್ಲನ್ನೇ ಕಿತ್ತು ಕೈಯಲ್ಲಿ ಹಿಡಿದು ನಿಲ್ಲುತ್ತೀಯಾ?

ಇಂದು ಐದು ರೊಟ್ಟಿ. ಶೇಂಗಾ ಹಿಂಡಿ ಹೊಸದು.

ಸೂಗಮ್ಮ

*

ಹುಮನಾಬಾದ್
24-11-2024

ಅತ್ತಿಯವರಿಗೆ ಶರಣು.

ಹೌದು, ಕಾಗದ ಕೆಟ್ಟದ್ದು ನನ್ನ ಕೈತಪ್ಪಿನಿಂದ. ಇನ್ನು ಮುಂದೆ ಜೋಪಾನ ಮಾಡುತ್ತೇನೆ. ಹೊಸದು ಬಂದ ದಿನವೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಪ್ಪನ ಕೈಗೆ ಕೊಡಿ. ಮನೆಯಲ್ಲಿ ಇಟ್ಟುಕೊಳ್ಳಬೇಡಿ. ದಯಮಾಡಿ.

ನಿಮ್ಮ ಹಲ್ಲು ಹೇಗಿವೆ? ಎಡಗಡೆ ನೋವು ಅಂತ ದೀಪಾವಳಿಯಲ್ಲಿ ಹೇಳಿದ್ದಿರಿ. ಹಲ್ಲಿಗೆ ಆ ತಂಬಾಕಿನ ಮಿಶ್ರಿ ತಿಕ್ಕುವುದನ್ನು ಬಿಟ್ಟಿರಾ?

ಪೂನಂ

*

ಬಸವಕಲ್ಯಾಣ
30-12-2024, ಎಳ್ಳಮಾಸಿ

ಪೂನಂ,

ಒಂದು ತಿಂಗಳು ನಿನಗೆ ಬರೆಯಲಿಲ್ಲ. ಲಗ್ನದ ಸುಗ್ಗಿ, ಕೈ ಬಿಡುವಿರಲಿಲ್ಲ. ನೀನೂ ಬರೆಯಲಿಲ್ಲ. ನಿನಗೆ ಯಾವ ಲಗ್ನವಿತ್ತು?

ಇಂದು ಮೋರಖಂಡಿಯ ಹೊಲಕ್ಕೆ ಭೂತಾಯಿಗೆ ಚರಗ ಚೆಲ್ಲಲು ಎಲ್ಲರೂ ಹೋದೆವು. ನಸುಕಿನಲ್ಲೇ ಎದ್ದು ಭಜ್ಜಿ ಮಾಡಿದ್ದೆ. ಅವರೆ, ಬಟಾಣಿ, ಹಸಿ ಕಡಲೆ, ಮೆಂತ್ಯೆ, ಸಿಕ್ಕಿದ್ದೆಲ್ಲ ಹಾಕಿ ಕುದಿಸಿದ್ದೆ. ನಿನ್ನ ಪಾಲು ಮೊದಲೇ ತೆಗೆದು ಬಂಡೆಪ್ಪನ ಕೈಯಲ್ಲಿ ಕಳಿಸಿದೆ, ಸಜ್ಜೆ ರೊಟ್ಟಿ ಸಹಿತ. ಸಂಜೆ ಡಬ್ಬಿ ಬಂದಾಗ ಮುಚ್ಚಳ ತೆಗೆದೆ. ಭಜ್ಜಿ ಅರ್ಧ, ರೊಟ್ಟಿ ಅಷ್ಟೂ. ಎಳ್ಳಮಾಸಿಯ ಭಜ್ಜಿ ಬಿಟ್ಟವಳನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

ಬಂಡೆಪ್ಪ ನಿಂತೇ ಅಂದ: ‘ಹಾಸ್ಟೆಲಿನ ಹುಡುಗ್ಯಾರ ಹೇಳ್ಯಾರ, ಪೂನಂ ಊಟಕ್ಕ ಕುಂತ್ರ ಡಬ್ಬಿ ನೋಡಕೋತ ಕೂಡತಾಳಂತ. ಏನರೇ ಫಿಕರ್ ಅದ ಆಕಿಗಿ.’

‘ಏನ ಫಿಕರ್? ಯಾವನವ?’ ಅಂದೆ.

‘ಏ ಆಯಿ! ನಾ ಬಸ್ಸಿನ ಕಂಡಕ್ಟರ ಇದ್ದೀನಿ, ಪೊಲೀಸ ಅಲ್ಲ’ ಅಂದ, ಡಬ್ಬಿ ಇಟ್ಟು ಓಡಿದ.

ಪೂನಂ, ಹುಡುಗನ ವಿಷಯವಾದರೆ ಈಗಲೇ ಹೇಳು. ನಾನು ಬೈಯುತ್ತೇನೆ, ಹೊಡೆಯಲೂಬಹುದು. ಆದರೆ ಬೈದು ಮುಗಿಸಿದ ಮೇಲೆ ಮುಂದೇನು ಅಂತ ಕೂತು ಮಾತಾಡುತ್ತೇನೆ. ಹಿಟ್ಟು ನಾದಲು ಕೂತರೆ ಅದೇ ಯೋಚನೆ, ನಿನ್ನೆ ಎರಡು ಸಲ ಉಪ್ಪು ಹಾಕಿದ್ದೇನೆ.

ಇನ್ನೊಂದು. ಸರ್ಟಿಫಿಕೇಟ್ ಸಂಕ್ರಮಣ ಮುಗಿದ ಮೇಲೆ ಸಿಗುತ್ತದಂತೆ. ಈ ಸಲ ಪದ್ಧತಿಯಲ್ಲಿ ಕಮ್ಮಿ ಮಾಡುವುದಿಲ್ಲ. ನಮ್ಮ ಮನೆಗೆ ಯಾವ ಹೊಸ ಕಾಗದ ಬಂದರೂ, ಪಹಣಿಯಿರಲಿ, ನಿನ್ನ ಹತ್ತನೆಯ ಮಾರ್ಕ್ಸ್ ಕಾರ್ಡಿರಲಿ, ದೇವರ ಜಗಲಿಯ ಮೇಲಿಟ್ಟು ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಹಚ್ಚದೆ ಪೆಟ್ಟಿಗೆಗೆ ಹೋಗಿಲ್ಲ. ಹೋದ ಸಲ ಗಡಿಬಿಡಿಯಲ್ಲಿ ಒಂದು ಬೆರಳು ಮುಟ್ಟಿಸಿ ಕೊಟ್ಟುಬಿಟ್ಟೆ. ದೇವರು ಒಲಿಯಲಿಲ್ಲ. ಈ ಸಲ ಕುಂಕುಮ ಚೆನ್ನಾಗಿ ಕಲಸಿ, ಕಾಯಿ ಒಡೆದು, ಅಮಾವಾಸ್ಯೆಯ ದಿನ ಬರಾಬರ್ ಮಾಡುತ್ತೇನೆ.

ಸೂಗಮ್ಮ

*

ಹುಮನಾಬಾದ್
2-1-2025

ಅತ್ತಿಯವರಿಗೆ ಶರಣು.

ಯಾವ ಹುಡುಗನೂ ಇಲ್ಲ. ನಿಮ್ಮಾಣೆ. ಭಜ್ಜಿ ಬಿಟ್ಟಿದ್ದಕ್ಕೆ ಕ್ಷಮಿಸಿ.

ಸರ್ಟಿಫಿಕೇಟಿಗೆ ಪೂಜೆ ಬೇಡ. ನನ್ನ ಹಾಲ್ ಟಿಕೆಟ್ ಬಂದಾಗ ಮಾಡಿ, ಎಷ್ಟು ಬೇಕಾದರೂ ಮಾಡಿ. ಇದಕ್ಕೆ ಬೇಡ. ಯಾಕೆ ಅಂತ ಕೇಳಬೇಡಿ.

ಪೂನಂ

*

ಬಸವಕಲ್ಯಾಣ
27-1-2025, ಸೋಮವಾರ

ಪೂನಂ,

ಯಾಕೆ ಅಂತ ಕೇಳಬೇಡಿ ಅಂತೆ! ಕೋಚಿಂಗಿನಲ್ಲಿ ದೇವರಿಲ್ಲ ಅಂತಲೂ ಕಲಿಸುತ್ತಾರೇನು? ಇಪ್ಪತ್ತೈದು ದಿನ ಸಿಟ್ಟು ಹಿಡಿದು ಕೂತಿದ್ದೆ, ಬರೆದರೆ ಕೆಟ್ಟ ಮಾತು ಬರುತ್ತದೆ ಅಂತ.

ಕಾಗದ ಕೈಗೆ ಬಂದಿದೆ. ಜಗಲಿಯ ಮೇಲಿದೆ. ನಾಡಿದ್ದು ಬುಧವಾರ ಅಮಾವಾಸ್ಯೆ. ಮುಂಜಾನೆ ಸ್ನಾನ ಮಾಡಿ ಕುಂಕುಮ ಹಚ್ಚುತ್ತೇನೆ. ಅದು ಒಣಗಿದ ಮೇಲೆ ನಿನ್ನಪ್ಪ ಬರಲಿ, ಅವನ ಅಪ್ಪ ಬರಲಿ, ಒಯ್ಯಲಿ. ನನ್ನ ಮನೆಯಲ್ಲಿ ನನ್ನ ಪದ್ಧತಿ.

ಸೂಗಮ್ಮ

*

ಹುಮನಾಬಾದ್
28-1-2025

ಅತ್ತಿ,

ಈ ಪತ್ರವನ್ನು ಇಂದಿನ ಡಬ್ಬಿಯಲ್ಲೇ ಇಡುತ್ತಿದ್ದೇನೆ. ರಾತ್ರಿ ತಡವಾದರೂ, ನಾಳೆ ನಸುಕಾದರೂ ಸರಿ, ತಪ್ಪದೆ ಮುಟ್ಟಿಸು ಅಂತ ಬಂಡೆಪ್ಪಣ್ಣನ ಕೈ ಹಿಡಿದು ಕೇಳಿಕೊಳ್ಳುತ್ತೇನೆ. ನೀವು ಕುಂಕುಮ ಹಚ್ಚುವ ಮೊದಲು ಓದಬೇಕು.

ಹೋದ ವರ್ಷ ಕಾಗದಕ್ಕೆ ನೀರು ಮುಟ್ಟಿಸಿದ್ದು ನಾನಲ್ಲ. ನೀವು ಕಲಸಿದ ಕುಂಕುಮ ಬಲಗಡೆಯ ಮೇಲಿನ ಮೂಲೆಗೆ ಹತ್ತಿತ್ತು. ಸರ್ಟಿಫಿಕೇಟಿನ ನಂಬರು ಇರುವುದು ಅಲ್ಲಿಯೇ. ಶಾಯಿ ಹರಡಿ ಕೊನೆಯ ಅಂಕಿ ಏಳೋ ಒಂದೋ ತಿಳಿಯುತ್ತಿರಲಿಲ್ಲ. ರಜಾಕ್ ಭಾಯಿ ‘ನಂಗ ತಿಳೀವಲ್ದು, ನೀನೇ ಹೇಳವಾ’ ಅಂದರು. ನಾನು ಒಂದು ಅಂದೆ. ಏಳು ಇತ್ತು.

ನಂಬರು ತಾಳೆಯಾಗಲಿಲ್ಲ. ನಮ್ಮ ಭಾಗದ ಸೀಟಿನ ಪಟ್ಟಿಯಿಂದ ನನ್ನ ಹೆಸರು ಬಿಟ್ಟುಹೋಯಿತು. ಅತ್ತಿ, ನನ್ನ ರ‍್ಯಾಂಕ್ ಸಾಲುತ್ತಿತ್ತು. ನನಗಿಂತ ಹಿಂದಿದ್ದ ಹುಡುಗಿಗೆ ಆ ಸೀಟಿನಲ್ಲಿ ಡೆಂಟಲ್ ಸಿಕ್ಕಿತು. ನಾನು ನಿಮಗೆ ಸುಳ್ಳು ಹೇಳಿದೆ.

ಆದರೆ ಸೀಟು ಹೋದದ್ದು ಕುಂಕುಮದಿಂದಲ್ಲ. ತಿದ್ದಿಕೊಳ್ಳಲು ಮೂರು ದಿನ ಕೊಟ್ಟಿದ್ದರು. ಸರಿಯಾದ ನಂಬರು ಆಫೀಸಿನ ರಸೀದಿಯಲ್ಲಿತ್ತು, ರಸೀದಿ ನಿಮ್ಮ ಟ್ರಂಕಿನಲ್ಲಿತ್ತು, ಕೀಲಿಕೈ ನಿಮ್ಮ ಸೊಂಟದಲ್ಲಿತ್ತು. ಆ ಮೂರು ದಿನ ನಿಮಗೆ ನೆನಪಿದೆಯೇ? ಲಗ್ನದ ಮನೆಗೆ ಕಳಿಸಿದ ರೊಟ್ಟಿ ಬೂಸು ಹಿಡಿದಿದೆ ಅಂತ ಅವರು ಮರಳಿ ಕಳಿಸಿದ್ದರು. ನೀವು ಹಂಚು ಎತ್ತಿ ಅಂಗಳಕ್ಕೆ ಒಗೆದಿರಿ. ನಾನು ಮೊದಲ ದಿನ ಅಡುಗೆಮನೆಯ ಬಾಗಿಲವರೆಗೆ ಬಂದೆ. ‘ಏನ ಬೇಕ?’ ಅಂದಿರಿ. ‘ಏನಿಲ್ಲ’ ಅಂದೆ. ಎರಡನೆಯ ದಿನವೂ ಬಂದೆ. ಮೂರನೆಯ ದಿನ ಬರಲಿಲ್ಲ.

ಹೆದರಿಕೆಯಾಯಿತು, ಅತ್ತಿ. ಇಷ್ಟೇ. ಒಂದು ಕೀಲಿಕೈ ಕೇಳಲು ಹೆದರಿ ಒಂದು ವರ್ಷ ಕಳೆದುಕೊಂಡೆ. ನಿಮ್ಮ ರೊಟ್ಟಿ ತಿಂದು ನಿಮಗೇ ಸುಳ್ಳು ಬರೆಯುವುದು ಗಂಟಲಲ್ಲಿ ಇಳಿಯಲಿಲ್ಲ, ಅದಕ್ಕೇ ಡಬ್ಬಿ ತುಂಬಿ ಬರುತ್ತಿತ್ತು.

ಅರ್ಜಿಗೆ ಕೊನೆಯ ದಿನ ಫೆಬ್ರುವರಿ ಹದಿನೆಂಟು. ಕಾಗದ ಹಾಗೇ ಇರಲಿ.

ಪೂನಂ

*

ಹುಮನಾಬಾದ್
5-2-2025

ಅತ್ತಿಯವರಿಗೆ ಶರಣು.

ಎಂಟು ದಿನವಾಯಿತು. ಡಬ್ಬಿ ತಪ್ಪದೆ ಬರುತ್ತಿದೆ, ಚೀಟಿ ಇಲ್ಲ. ಅರಿವೆಯನ್ನು ಝಾಡಿಸಿ ನೋಡುತ್ತೇನೆ. ಕಡಕ್ ರೊಟ್ಟಿ ಕಳಿಸುತ್ತಿದ್ದವರು ಈಗ ಬರೀ ಮೆತ್ತನೆಯ ರೊಟ್ಟಿ ಕಳಿಸುತ್ತಿದ್ದೀರಿ. ಇದರ ಅರ್ಥ ಸಿಟ್ಟೋ ಏನೋ ತಿಳಿಯುತ್ತಿಲ್ಲ. ಬಂಡೆಪ್ಪಣ್ಣನನ್ನು ಕೇಳಿದರೆ ‘ಆಯಿ ಒದರೂದು ಬಿಟ್ಟಾಳ, ನಮಗೂ ಅಂಜಿಕಿ ಬರಾಕತ್ತದ’ ಅಂದರು.

ಬೈದಾದರೂ ಬರೆಯಿರಿ. ಕುಂಕುಮ ಹಚ್ಚಿದಿರಾ?

ಪೂನಂ

*

ಬಸವಕಲ್ಯಾಣ
11-2-2025, ಮಂಗಳವಾರ

ಪೂನಂ,

ಹಚ್ಚಲಿಲ್ಲ.

ಬುಧವಾರ ನಸುಕಿನಲ್ಲಿ ಬಂಡೆಪ್ಪ ಡ್ಯೂಟಿಗೆ ಹೋಗುವ ಮೊದಲು ಮನೆ ಬಾಗಿಲಿಗೆ ಬಂದ. ನಾನು ಮಿಂದು ಬಟ್ಟಲಲ್ಲಿ ಕುಂಕುಮ ಕಲಸಿ ಕೂತಿದ್ದೆ. ಹಬ್ಬದ ದಿನ ಬಾಗಿಲಲ್ಲಿ ಯಾಕೆ ನಿಂತಿದ್ದೀ ಅಂತ ಅವನಿಗೊಂದು ಬೈದು, ಒದ್ದೆ ಬೆರಳಿನಿಂದಲೇ ನಿನ್ನ ಪತ್ರ ಬಿಡಿಸಿದೆ. ನನ್ನ ಹೆಬ್ಬೆರಳು ಇಟ್ಟ ಕಡೆಯಲ್ಲೆಲ್ಲ ನಿನ್ನ ಅಕ್ಷರ ನೀಲಿಯಾಗಿ, ಕೆಂಪಾಗಿ, ಒಂದರ ಮೇಲೊಂದು ಹರಿದು ಹೋದವು. ಮೊದಲಿನ ನಾಲ್ಕು ಸಾಲು ಇವತ್ತಿಗೂ ಓದಲು ಬರುವುದಿಲ್ಲ. ಅಂಕಿ ಹೇಗೆ ಹೋಗುತ್ತದೆ ಅಂತ ಯಾರೂ ನನಗೆ ಬೇರೆ ಹೇಳಬೇಕಾಗಲಿಲ್ಲ. ಕೈ ತೊಳೆದು, ಸೆರಗಿಗೆ ಒರೆಸಿ, ಉಳಿದದ್ದನ್ನು ಓದಿದೆ.

ಆ ದಿನ ದೇವರಿಗೆ ಕಾಯಿ ಒಡೆಯಲಿಲ್ಲ. ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಮೊದಲು ರಜಾಕನ ಅಂಗಡಿಗೆ ನಡೆದೆ.

‘ನಿನಗ ಗೊತ್ತಿತ್ತಿಲ್ಲೋ? ನನಗ ಯಾಕ ಹೇಳಲಿಲ್ಲ?’

ಅವನು ಕುರ್ಚಿಯಿಂದ ಎದ್ದು ನಿಂತ. ‘ಅಕ್ಕಾ, ಬೇಕಂದ್ರ ಹೊಡೀರಿ. ಖರೇ ಹೇಳತೀನಿ. ನಿಮ್ಮ ಮುಂದ ಯಾರ ಹೇಳಬೇಕ್ರಿ? ಹುಡುಗಿ ನನ್ನ ಮುಂದ ಕೈ ಮುಗದ್ಲು, ಅತ್ತಿಗಿ ಹೇಳಬ್ಯಾಡ್ರಿ ಅಂತ. ನಂದೂ ಧೈರ್ಯ ಆಗಲಿಲ್ಲ.’

‘ನಾ ಏನ ಹುಲಿ ಇದ್ದೀನೇನೋ?’

ಅಂಗಡಿಯಲ್ಲಿ ಮೂರು ಮಂದಿ ಇದ್ದರು. ಮೂವರೂ ಗೋಡೆ ನೋಡಿದರು.

ಮನೆಗೆ ಬಂದು ಕೂತೆ. ಏನ ಬೇಕ ಅಂತ ನಾನು ಕೇಳಿದ್ದು ನನಗೆ ನೆನಪಿದೆ. ನೀನು ಬಾಗಿಲ ಚೌಕಟ್ಟು ಹಿಡಿದು ನಿಂತದ್ದೂ ನೆನಪಿದೆ. ಚಾ ಕೇಳಲು ಬಂದಿದ್ದೀ ಅಂದುಕೊಂಡಿದ್ದೆ. ಎರಡು ದಿನವೂ. ಇಷ್ಟು ದಿನ ಬರೆಯದೆ ಇದ್ದದ್ದು ಇದಕ್ಕೇ. ಏನು ಬರೆಯಬೇಕು ಅಂತ ತಿಳಿಯಲಿಲ್ಲ. ತಪ್ಪಾಯಿತು ಅಂತ ಬರೆದು ನನಗೆ ರೂಢಿಯಿಲ್ಲ, ಈಗ ಬರೆದದ್ದನ್ನೇ ಲೆಕ್ಕಕ್ಕೆ ಹಿಡಿ.

ಮೆತ್ತನೆಯ ರೊಟ್ಟಿ ಸಿಟ್ಟಿನಿಂದಲ್ಲ. ಕಡಕ್ ರೊಟ್ಟಿ ಮಾಡಿದರೆ ಉಳಿದದ್ದನ್ನು ನಾನು ತಿನ್ನಬೇಕು, ತಿನ್ನಲು ಆಗುವುದಿಲ್ಲ. ಎಡಗಡೆ ಎರಡು ಹಲ್ಲು ಅಲ್ಲಾಡುತ್ತಿವೆ, ಬಲಗಡೆ ದವಡೆ ಸಂಕ್ರಮಣದಿಂದ ಬಾತಿದೆ. ಮೂರು ವರ್ಷವಾಯಿತು, ನಾನು ಬಡಿದ ಕಡಕ್ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸದೆ ತಿಂದಿಲ್ಲ. ನೀನು ಪತ್ರದಲ್ಲಿ ಕೇಳಿದೆ, ನಾನು ಹೇಳಲಿಲ್ಲ. ಮಿಶ್ರಿಯನ್ನೂ ಬಿಟ್ಟಿಲ್ಲ. ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಅಂದರೆ ಅಂಜಿಕೆ. ಓಣಿಗೆಲ್ಲ ಒದರುವ ಸೂಗಮ್ಮನಿಗೆ ಒಂದು ಇಕ್ಕಳದ ಅಂಜಿಕೆ. ಯಶೋದಾಬಾಯಿಗೆ ಹೇಳಿದರೆ ನಿನ್ನ ಕಾಲು ಮುರಿಯುತ್ತೇನೆ. ಅಂಜಿದವಳು ನೀನೊಬ್ಬಳೇ ಅಲ್ಲ ಅಂತ ತಿಳಿಸಲು ಬರೆದೆ.

ಇನ್ನು ಕೆಲಸದ ಮಾತು. ಸರ್ಟಿಫಿಕೇಟ್ ಪ್ಲಾಸ್ಟಿಕ್ ಕವರಿನಲ್ಲಿದೆ, ಜಗಲಿಯ ಮೇಲಲ್ಲ, ಟ್ರಂಕಿನಲ್ಲಿ. ರಜಾಕ್ ತೆಗೆದ ಝೆರಾಕ್ಸ್ ಈ ಚೀಟಿಯ ಜೊತೆ ಇಟ್ಟಿದ್ದೇನೆ. ರಸೀದಿಯನ್ನೂ ಝೆರಾಕ್ಸ್ ಮಾಡಿಸಿದೆ. ಕನ್ನಡ ಮಾಧ್ಯಮದ ಪ್ರಮಾಣಪತ್ರವನ್ನು ನಿನ್ನ ಸಾಲೆಗೆ ನಾನೇ ಹೋಗಿ ತಂದೆ, ಹೆಡ್‌ಮಾಸ್ತರರ ಮೇಲೆ ಒದರದೆ ತಂದೆ, ಬೇಕಾದರೆ ಅವರನ್ನೇ ಕೇಳು. ಕುಂಕುಮ ಕಲಸಿದ್ದು ವ್ಯರ್ಥ ಮಾಡಬಾರದು ಅಂತ ಡಬ್ಬಿಯ ಮುಚ್ಚಳಕ್ಕೆ ಹಚ್ಚಿ ಕಳಿಸಿದ್ದೆ. ನೀನು ತೊಳೆದು ಕಳಿಸಿದೆ, ಏನೆಂದು ತಿಳಿದಿರಲಿಕ್ಕಿಲ್ಲ. ಇಂದೂ ಹಚ್ಚಿದ್ದೇನೆ.

ಹದಿನೈದು ಶನಿವಾರ ಮುಂಜಾನೆ ನಾನು ರಜಾಕನ ಅಂಗಡಿಯಲ್ಲಿ ಕೂತು ನಿನ್ನ ಅರ್ಜಿ ತುಂಬಿಸುತ್ತೇನೆ. ಅದಕ್ಕೆ ಮೊದಲು ನಿನ್ನಿಂದ ಎರಡು ಬೇಕು. ಝೆರಾಕ್ಸ್ ನೋಡಿ ಆ ನಂಬರನ್ನು ನಿನ್ನ ಕೈಯಿಂದ ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ ಬರೆ. ನಾನು ರಸೀದಿ ಹಿಡಿದು ಒಂದೊಂದಾಗಿ ತಾಳೆ ನೋಡುತ್ತೇನೆ. ಅದರ ಕೆಳಗೆ, ಈ ಮನೆಯಲ್ಲಿ ನನಗೆ ಹೆದರಿ ಕೇಳದೆ ಬಿಟ್ಟದ್ದು ಇನ್ನೂ ಏನೇನಿದೆ, ಎಲ್ಲವನ್ನೂ ಬರೆ. ಸಣ್ಣದು ಅಂತ ಬಿಡಬೇಡ. ಟ್ರಂಕಿನ ಎರಡನೆಯ ಕೀಲಿಕೈ ಮೆತ್ತನೆಯ ರೊಟ್ಟಿಯ ಕೆಳಗಿದೆ, ತೆಗೆದಿಟ್ಟುಕೋ. ಅದು ನಿನ್ನದು.

ಶುಕ್ರವಾರ ಹದಿನಾಲ್ಕನೇ ತಾರೀಖಿನ ಸಂಜೆ ಡಬ್ಬಿಯಲ್ಲಿ ಉತ್ತರ ಬರಬೇಕು.

ಸೂಗಮ್ಮ